ಕೋಡ್ ಬರೆದು ಅಮೂರ್ತ ಚಿತ್ರ: ಎಷ್ಟು ನಿಯಮ, ಎಷ್ಟು ಆಕಸ್ಮಿಕ?

1982ರಲ್ಲಿ ಬಂದ ಕಮೊಡೋರ್ 64 ಎಂಬ ಕಂಪ್ಯೂಟರ್ ಇಟ್ಟುಕೊಂಡಿದ್ದವರ ನಡುವೆ ಒಂದು ಪುಟ್ಟ ಪ್ರೋಗ್ರಾಮ್ ಓಡಾಡುತ್ತಿತ್ತು. ಬೇಸಿಕ್ ಭಾಷೆಯದ್ದು, ಬರೀ ಒಂದೇ ಸಾಲು. ಅದು ಮಾಡುವ ಕೆಲಸ ಇಷ್ಟೇ. ಒಂದು ನಾಣ್ಯ ಚಿಮ್ಮು. ಹೆಡ್ ಬಿದ್ದರೆ ಬಲಕ್ಕೆ ವಾಲಿದ ಗೆರೆ ಹಾಕು. ಟೇಲ್ ಬಿದ್ದರೆ ಎಡಕ್ಕೆ ವಾಲಿದ ಗೆರೆ ಹಾಕು. ಪರದೆಯಲ್ಲಿ ಪಕ್ಕದ ಮನೆಗೆ, ಅಂದರೆ ಮುಂದಿನ ಚೌಕಕ್ಕೆ, ಹೋಗು. ಮತ್ತೆ ಅದನ್ನೇ ಮಾಡು.

ಸ್ವಲ್ಪ ಹೊತ್ತಿನಲ್ಲಿ ಪರದೆ ತುಂಬ ಚಕ್ರವ್ಯೂಹ ಹರಡಿಕೊಳ್ಳುತ್ತದೆ. ಉದ್ದನೆಯ ಓಣಿಗಳು, ತಿರುವುಗಳು, ಎಲ್ಲಿಂದಲೂ ದಾರಿಯಿಲ್ಲದ ಮುಚ್ಚಿದ ಜಾಗಗಳು. ಕೋಡಿನಲ್ಲಿ ಎಷ್ಟು ಹುಡುಕಿದರೂ ಚಕ್ರವ್ಯೂಹದ ಮಾತೇ ಇಲ್ಲ. ಅಲ್ಲಿರುವುದು ಎರಡು ಓರೆ ಗೆರೆ, ಒಂದು ನಾಣ್ಯ, ಒಂದು ಪುನರಾವರ್ತನೆ. ಅಕ್ಕಪಕ್ಕದ ಗೆರೆಗಳ ತುದಿಗಳು ಮೂಲೆಗಳಲ್ಲಿ ಒಂದನ್ನೊಂದು ಮುಟ್ಟುತ್ತವೆ. ಹಾಗೆ ಮುಟ್ಟಿದಾಗ ಗೋಡೆಯಾಗುತ್ತದೆ. ಉಳಿದದ್ದನ್ನು ನಮ್ಮ ಕಣ್ಣೇ ಜೋಡಿಸಿಕೊಳ್ಳುತ್ತದೆ.

ಕೋಡ್ ಬರೆದು ಮಾಡುವ ಅಮೂರ್ತ ಕಲೆಯ ಮೂಲ ಗುಟ್ಟು ಈ ಒಂದು ಸಾಲಿನಲ್ಲೇ ಇದೆ. ಕಲಾವಿದ ಚಿತ್ರವನ್ನು ನೇರವಾಗಿ ಬಿಡಿಸುವುದಿಲ್ಲ, ಚಿತ್ರ ಹುಟ್ಟುವ ವಿಧಾನವನ್ನು ಬರೆಯುತ್ತಾನೆ. ಹಾಗಾಗಿ ಒಂದು ಪ್ರೋಗ್ರಾಮ್ ಬರೆದರೆ ಸಿಗುವುದು ಒಂದು ಚಿತ್ರವಲ್ಲ, ಚಿತ್ರಗಳ ಒಂದು ವಂಶ. ಆ ಹಳೆಯ ಪರದೆಯಲ್ಲಿ ಅಡ್ಡಕ್ಕೆ 40, ಉದ್ದಕ್ಕೆ 25, ಒಟ್ಟು 1000 ಮನೆಗಳಿದ್ದವು. ಪ್ರತಿ ಮನೆಗೂ ಎರಡೇ ಆಯ್ಕೆ. ಹಾಗಿದ್ದರೂ ಸಾಧ್ಯವಿರುವ ಒಟ್ಟು ಚಿತ್ರಗಳ ಸಂಖ್ಯೆ ಬರೆಯಲು 302 ಅಂಕಿಗಳು ಬೇಕು. ಅವುಗಳಲ್ಲಿ ಎರಡನ್ನು ನೋಡಿದರೆ ಒಂದೇ ವಂಶದವು ಎಂದು ತಕ್ಷಣ ಗೊತ್ತಾಗುತ್ತದೆ, ಆದರೆ ಒಂದರಂತೆ ಇನ್ನೊಂದಿಲ್ಲ.

ಈ ಬಗೆಯ ಕೆಲಸಕ್ಕೆ ಜನರೇಟಿವ್ ಆರ್ಟ್ ಎನ್ನುತ್ತಾರೆ. ಈಗ ಜನರೇಟಿವ್ ಎಂದ ಕೂಡಲೇ ವಾಕ್ಯ ಟೈಪ್ ಮಾಡಿದರೆ ಚಿತ್ರ ಕೊಡುವ ಎಐ ನೆನಪಾಗುತ್ತದೆ, ಅಲ್ವಾ? ಅದು ಬೇರೆ ವಿಷಯ. ಅಲ್ಲಿ ಏನು ಬೇಕು ಎಂದು ಹೇಳುತ್ತೇವೆ, ಅದು ಹೇಗೆ ಆಯಿತು ಎನ್ನುವುದು ಬಳಸುವವರಿಗೆ ಕಾಣುವುದಿಲ್ಲ. ಇಲ್ಲಿ ಪ್ರತಿಯೊಂದು ನಿಯಮವೂ ನಮ್ಮ ಕೈಯದ್ದೇ. ಏನು ಬರುತ್ತದೆ ಎನ್ನುವುದು ಮಾತ್ರ ಓಡಿಸುವವರೆಗೂ ಪೂರ್ತಿ ಗೊತ್ತಿರುವುದಿಲ್ಲ.

ಇದು ಹೊಸದೂ ಅಲ್ಲ. 1965ರ ಫೆಬ್ರವರಿಯಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಗೆಯೊರ್ಗ್ ನೇಸ್ ಎಂಬ ಗಣಿತಜ್ಞ ತನ್ನ ಕಂಪ್ಯೂಟರ್ ಚಿತ್ರಗಳನ್ನು ಪ್ರದರ್ಶನಕ್ಕಿಟ್ಟರು. ಅದೇ ವರ್ಷ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನ ಹೋವರ್ಡ್ ವೈಸ್ ಗ್ಯಾಲರಿಯಲ್ಲಿ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾಲಯದ ಮೈಕೆಲ್ ನೋಲ್ ಮತ್ತು ಬೇಲಾ ಯೂಲೆಶ್ ಅವರ ಚಿತ್ರಗಳು ಬಂದವು. ನವೆಂಬರ್‌ನಲ್ಲಿ ಮತ್ತೆ ಸ್ಟುಟ್‌ಗಾರ್ಟ್‌ನಲ್ಲೇ ನೇಸ್ ಜೊತೆಗೆ ಫ್ರೀಡರ್ ನಾಕೆ ಸೇರಿಕೊಂಡರು. ಆಗ ಪರದೆಯ ಮೇಲೆ ಬಣ್ಣ ಬಣ್ಣದ ಚಿತ್ರ ನೋಡುವ ಕಾಲವಲ್ಲ. ನೇಸ್, ನಾಕೆ ಅವರ ಪ್ರೋಗ್ರಾಮ್ ಲೆಕ್ಕ ಹಾಕಿ ಪಂಚ್ ಟೇಪಿನಲ್ಲಿ ತೂತು ಕೊರೆಯುತ್ತಿತ್ತು. ಆ ಟೇಪನ್ನು ಪ್ಲಾಟರ್ ಎಂಬ ಯಂತ್ರಕ್ಕೆ ಕೊಟ್ಟರೆ ಅದು ಪೆನ್ನು ಹಿಡಿದು ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ಹಾಗಾಗಿ ಆ ಕಾಲದ ಚಿತ್ರಗಳಲ್ಲಿ ಹೆಚ್ಚಿನವು ಗೆರೆಗಳ ಚಿತ್ರಗಳೇ.

ನೇಸ್ ಅವರ ಆ ಮೊದಲ ಪ್ರದರ್ಶನದ ಒಂದು ಪ್ರಸಂಗವನ್ನು ಈ ಕ್ಷೇತ್ರದವರು ಇಂದಿಗೂ ಹೇಳುತ್ತಾರೆ. ನೋಡಲು ಬಂದಿದ್ದ ಒಬ್ಬ ಚಿತ್ರಕಾರ, ನನ್ನ ಶೈಲಿಯಲ್ಲಿ ಚಿತ್ರ ಬಿಡಿಸಲು ನಿಮ್ಮ ಕಂಪ್ಯೂಟರ್‌ಗೆ ಆಗುತ್ತದೆಯೇ ಎಂದು ಕೇಳಿದರಂತೆ. ಖಂಡಿತ ಆಗುತ್ತದೆ, ಆದರೆ ನೀವು ಹೇಗೆ ಬಿಡಿಸುತ್ತೀರಿ ಎಂದು ಮೊದಲು ನನಗೆ ಬಿಡಿಸಿ ಹೇಳಬೇಕು ಎಂಬುದು ನೇಸ್ ಕೊಟ್ಟ ಉತ್ತರ. ಉಡಾಫೆಯ ಮಾತಿನಂತೆ ಕೇಳಿಸುತ್ತದೆ. ಆದರೆ ಕಷ್ಟವಿರುವುದೇ ಅಲ್ಲಿ. ಕಣ್ಣಿಗೆ ಹಿತವಾಗಿ ಕಾಣುವ ಗೊಂದಲ ಎಂದರೆ ಏನು? ಅದನ್ನು ಕಂಪ್ಯೂಟರ್‌ಗೆ ಹೇಳುವುದು ಹೇಗೆ?

ನೇಸ್ ಇದಕ್ಕೆ ಕೊಟ್ಟ ಒಂದು ಒಳ್ಳೆಯ ಉತ್ತರ, 1968ರ ಸುಮಾರಿಗೆ ಮಾಡಿದ 'ಶೊಟರ್' ಎಂಬ ಚಿತ್ರ. ಅದನ್ನು ಬಿಚ್ಚಿ ನೋಡೋಣ. ಕೋಡಿನ ಚಿತ್ರ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ನನಗೆ ಗೊತ್ತಿರುವ ಅತ್ಯಂತ ಸಲೀಸಾದ ದಾರಿ ಇದು.

ಚಿತ್ರದಲ್ಲಿ ಒಂದು ಸಾಲಿಗೆ 12 ಚೌಕದಂತೆ 22 ಸಾಲುಗಳಿವೆ. ಒಟ್ಟು 264 ಚೌಕ. ಮೇಲಿನ ಸಾಲಿನಲ್ಲಿ ಚೌಕಗಳು ಅಚ್ಚುಕಟ್ಟಾಗಿ ಕೂತಿವೆ. ಕೆಳಗೆ ಬಂದಂತೆ ಸ್ವಲ್ಪ ಸ್ವಲ್ಪವೇ ವಾಲುತ್ತವೆ, ಜಾರುತ್ತವೆ. ಕೊನೆಯ ಸಾಲುಗಳಿಗೆ ಬರುವಷ್ಟರಲ್ಲಿ ಎಲ್ಲ ಚೆಲ್ಲಾಪಿಲ್ಲಿ. ಬಣ್ಣವಿಲ್ಲ, ನೆರಳಿಲ್ಲ. ಆದರೂ ಭಾರ ಕೆಳಗೆ ಕುಸಿಯುತ್ತಿದೆ ಎಂದು ಅನಿಸುತ್ತದೆ.

ಇದನ್ನು ಕೋಡಿನಲ್ಲಿ ಬರೆಯಲು ಮೊದಲು ಜಾಗ ಗುರುತಿಸಲು ಬರಬೇಕು. ಕ್ಯಾನ್ವಾಸಿನ ಎಡ ಮೇಲಿನ ಮೂಲೆ ಸೊನ್ನೆ, ಸೊನ್ನೆ. ಎಕ್ಸ್ ಬಲಕ್ಕೆ ಬೆಳೆಯುತ್ತದೆ. ವೈ ಕೆಳಕ್ಕೆ ಬೆಳೆಯುತ್ತದೆ. ಗ್ರಾಫ್ ಹಾಳೆಯಲ್ಲಿ ಕಲಿತದ್ದಕ್ಕೆ ಇದು ತಲೆಕೆಳಗು. ಶುರುವಿನಲ್ಲಿ ಎಲ್ಲರಿಗೂ ಗೊಂದಲವಾಗುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ. ಮುಂದಿನದು ಎರಡು ಲೂಪ್, ಅಂದರೆ ಪುನರಾವರ್ತನೆಗಳು. ಹೊರಗಿನ ಲೂಪ್ 0ಯಿಂದ 21ರವರೆಗೆ ಸಾಲುಗಳನ್ನು ಎಣಿಸುತ್ತದೆ. ಒಳಗಿನ ಲೂಪ್ 0ಯಿಂದ 11ರವರೆಗೆ ಚೌಕಗಳನ್ನು ಎಣಿಸುತ್ತದೆ. ಚೌಕದ ಬದಿ 40 ಪಿಕ್ಸೆಲ್ ಎಂದಿಟ್ಟುಕೊಂಡರೆ, ಒಳಗಿನ ಎಣಿಕೆಯನ್ನು 40ರಿಂದ ಗುಣಿಸಿದರೆ ಎಕ್ಸ್, ಹೊರಗಿನದನ್ನು 40ರಿಂದ ಗುಣಿಸಿದರೆ ವೈ. ಅಲ್ಲೊಂದು ಚೌಕ ಬಿಡಿಸು ಎಂದರೆ ಮುಗಿಯಿತು. ಸಾಲು ಸಾಲು ಚೌಕಗಳ ನಿರ್ಜೀವ ಜಾಲರಿ ಸಿದ್ಧ.

ಈಗ ಆಕಸ್ಮಿಕವನ್ನು ಒಳಗೆ ಬಿಡಬೇಕು. ಪ್ರತಿ ಚೌಕಕ್ಕೂ -45ರಿಂದ 45 ಡಿಗ್ರಿಯ ನಡುವೆ ಯಾವುದಾದರೂ ಒಂದು ಕೋನ ಆರಿಸಿ ಅಷ್ಟು ತಿರುಗಿಸು ಎನ್ನಿ. ಓಡಿಸಿದರೆ ಮೇಲಿಂದ ಕೆಳಗಿನವರೆಗೆ ಎಲ್ಲ ಚೌಕಗಳೂ ಒಂದೇ ಸಮನೆ ಕೆದರಿಕೊಂಡಿರುತ್ತವೆ. ನೋಡಲು ಸಪ್ಪೆ. ಪೂರ್ತಿ ಕ್ರಮ ಎಷ್ಟು ಬೇಸರವೋ ಪೂರ್ತಿ ಗೊಂದಲವೂ ಅಷ್ಟೇ ಬೇಸರ. ಎರಡರಲ್ಲೂ ಕಣ್ಣಿಗೆ ಹುಡುಕಲು ಏನೂ ಇಲ್ಲ.

ನೇಸ್ ಮಾಡಿದ್ದು ಒಂದು ಸಣ್ಣ ಗುಣಾಕಾರ. ಸಾಲಿನ ಸಂಖ್ಯೆಯನ್ನು 21ರಿಂದ ಭಾಗಿಸಿ. ಮೊದಲ ಸಾಲಿಗೆ 0 ಬರುತ್ತದೆ, ಕೊನೆಯ ಸಾಲಿಗೆ 1, ನಡುವಿನವಕ್ಕೆ ನಡುವಿನ ಸಂಖ್ಯೆಗಳು. ಇದನ್ನು ಅಸ್ತವ್ಯಸ್ತತೆಯ ಅಳತೆ ಎನ್ನೋಣ. ಆಕಸ್ಮಿಕವಾಗಿ ಬಂದ ಕೋನವನ್ನು ಈ ಅಳತೆಯಿಂದ ಗುಣಿಸಿ. ಚೌಕವನ್ನು ಎಡಬಲಕ್ಕೆ, ಮೇಲೆ ಕೆಳಗೆ ಸರಿಸುವ ದೂರವನ್ನೂ ಅದೇ ಅಳತೆಯಿಂದ ಗುಣಿಸಿ. ಮೇಲಿನ ಸಾಲಿನಲ್ಲಿ ಎಲ್ಲವೂ ಸೊನ್ನೆಯಿಂದ ಗುಣವಾಗಿ ಚೌಕಗಳು ಅಲುಗುವುದಿಲ್ಲ. ಕೆಳಗಿಳಿದಂತೆ ಆಕಸ್ಮಿಕಕ್ಕೆ ಸಿಗುವ ಸಲಿಗೆ ಜಾಸ್ತಿಯಾಗುತ್ತಾ ಹೋಗುತ್ತದೆ. ಇವು ನೇಸ್ ಬರೆದ ಸಾಲುಗಳಲ್ಲ, ಅದೇ ವಿಚಾರವನ್ನು ಇವತ್ತಿನ ರೀತಿಯಲ್ಲಿ ಹೇಳಿದ್ದು. ಆದರೆ ಚಿತ್ರದ ಜೀವ ಈ ಗುಣಾಕಾರದಲ್ಲೇ ಇದೆ.

ಈಗ ಆ ಅಳತೆಯನ್ನು ಅದರಿಂದಲೇ ಗುಣಿಸಿ ನೋಡಿ. ನಡುವಿನ ಸಾಲಿನಲ್ಲಿ ಸುಮಾರು 0.5 ಇದ್ದದ್ದು ಸುಮಾರು 0.25 ಆಗುತ್ತದೆ. ಮತ್ತೊಮ್ಮೆ ಗುಣಿಸಿದರೆ 0.125ರ ಆಸುಪಾಸು. ಕೊನೆಯ ಸಾಲಿನ 1 ಮಾತ್ರ ಹಾಗೇ ಉಳಿಯುತ್ತದೆ. ಚಿತ್ರದ ಮೇಲರ್ಧ ಈಗ ಬಹಳ ಹೊತ್ತು ಶಾಂತವಾಗಿದ್ದು ಕೆಳಗೆ ಒಮ್ಮೆಲೇ ಕುಸಿಯುತ್ತದೆ. ಅದೇ ಚೌಕಗಳು, ಅದೇ ಆಕಸ್ಮಿಕ, ಆದರೆ ಚಿತ್ರದ ಸ್ವಭಾವವೇ ಬೇರೆ. ಕುಂಚ ಹಿಡಿದವರು ಕೈಯ ಒತ್ತಡದಲ್ಲಿ ಮಾಡುವ ತೀರ್ಮಾನವನ್ನು ಇಲ್ಲಿ ಒಂದು ಸಂಖ್ಯೆಯಲ್ಲಿ ಮಾಡುತ್ತೇವೆ.

ಮಾಡಿ ನೋಡುವವರಿಗೆ ಒಂದು ಎಚ್ಚರಿಕೆ. ಚೌಕವನ್ನು ತಿರುಗಿಸು ಎಂದ ಕೂಡಲೇ ಅದು ಎಲ್ಲೋ ಹಾರಿಹೋಗುತ್ತದೆ. ಏಕೆಂದರೆ ತಿರುಗಿಸುವ ಆಜ್ಞೆ ಚೌಕದ ನಡುವನ್ನು ಹಿಡಿದು ತಿರುಗಿಸುವುದಿಲ್ಲ. ಕ್ಯಾನ್ವಾಸಿನ ಮೂಲೆಯ ಸೊನ್ನೆ ಬಿಂದುವಿನ ಸುತ್ತ ತಿರುಗಿಸುತ್ತದೆ. ಹಾಗಾಗಿ ಮೊದಲು ಆ ಸೊನ್ನೆ ಬಿಂದುವನ್ನೇ ಚೌಕದ ನಡುವಿಗೆ ಸರಿಸಬೇಕು, ಆಮೇಲೆ ತಿರುಗಿಸಬೇಕು, ಚೌಕ ಬಿಡಿಸಬೇಕು, ಕೊನೆಗೆ ಎಲ್ಲವನ್ನೂ ಇದ್ದ ಹಾಗೆ ವಾಪಸ್ ಇಡಬೇಕು. ವಾಪಸ್ ಇಡುವುದು ಮರೆತರೆ ಮುಂದಿನ ಚೌಕಕ್ಕೆ ಹಿಂದಿನ ಚೌಕದ ತಿರುವೂ ಸೇರಿಕೊಂಡು ಎಲ್ಲ ಸುರುಳಿಯಾಗುತ್ತದೆ. ಕೆಲವೊಮ್ಮೆ ಆ ಸುರುಳಿಯೇ ಚೆನ್ನಾಗಿರುತ್ತದೆ ಅನ್ನಿ.

ಆಕಸ್ಮಿಕವನ್ನು ಹೀಗೆ ಹನಿಹನಿಯಾಗಿ ಬಿಡುವುದರಲ್ಲಿ ವೆರಾ ಮೋಲ್ನಾರ್ ಅವರಷ್ಟು ಪಳಗಿದವರು ಕಡಿಮೆ. 1924ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ಬಾಳಿದ ಅವರು 1959ರಲ್ಲೇ ಒಂದು ಕಾಲ್ಪನಿಕ ಯಂತ್ರ ಇಟ್ಟುಕೊಂಡಿದ್ದರು. ಅಂದರೆ ಕಂಪ್ಯೂಟರ್ ಇರಲಿಲ್ಲ. ನಿಯಮಗಳನ್ನು ತಾವೇ ಮಾಡಿಕೊಂಡು, ಯಂತ್ರದ ಹಾಗೆ ಒಂದೊಂದೇ ಹೆಜ್ಜೆ ಪಾಲಿಸಿ, ಕೈಯಲ್ಲೇ ಚಿತ್ರ ಬಿಡಿಸುತ್ತಿದ್ದರು. ನಿಜವಾದ ಕಂಪ್ಯೂಟರ್ ಕೈಗೆ ಸಿಕ್ಕಿದ್ದು 1968ರಲ್ಲಿ. ಒಂದರೊಳಗೊಂದು ಕೂತ ಚೌಕಗಳನ್ನು ತೆಗೆದುಕೊಂಡು ಅವುಗಳ ಮೂಲೆಗಳನ್ನು ಸ್ವಲ್ಪವೇ ಅಲುಗಿಸುವುದು ಅವರಿಗೆ ಬಹಳ ಇಷ್ಟದ ಆಟ. ಶೇಕಡಾ 1ರಷ್ಟು ಅಸ್ತವ್ಯಸ್ತತೆ ಎನ್ನುವುದು ಅವರ ಹೆಸರಿನ ಜೊತೆಗೇ ಬರುವ ಮಾತು. 2023ರ ಡಿಸೆಂಬರ್‌ನಲ್ಲಿ, 99ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ವರ್ಷ ಬಹುಪಾಲು ಚೌಕ ಮತ್ತು ಗೆರೆಗಳ ಜೊತೆಗೇ ಕಳೆದರು ಎಂದರೆ ಆ ಅಳತೆಯಲ್ಲಿ ಎಷ್ಟು ಜಾಗವಿದೆ ಎಂದು ಊಹಿಸಬಹುದು.

ಇಷ್ಟು ಹೊತ್ತು ಆಕಸ್ಮಿಕ ಎಂದರೆ ಒಂದೇ ಬಗೆ ಎಂಬಂತೆ ಮಾತಾಡಿದೆ. ಹಾಗಲ್ಲ. ಆಕಸ್ಮಿಕಕ್ಕೂ ಆಕಾರಗಳಿವೆ, ಯಾವುದನ್ನು ಆರಿಸುತ್ತೇವೆ ಎನ್ನುವುದು ಚಿತ್ರದ ಮೇಲೆ ನೇರವಾಗಿ ಕಾಣುತ್ತದೆ.

ಎಲ್ಲರೂ ಮೊದಲು ಬಳಸುವುದು ರ‍್ಯಾಂಡಮ್ ಎಂಬ ಆಜ್ಞೆ. 0ಯಿಂದ 100ರವರೆಗಿನ ಯಾವ ಸಂಖ್ಯೆಗೂ ಸಮಾನ ಅವಕಾಶ. ಇದರಿಂದ ಚುಕ್ಕಿಗಳನ್ನು ಎರಚಿದರೆ ಅವು ಸಮನಾಗಿ ಹರಡಿಕೊಳ್ಳುತ್ತವೆ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಾಗುವುದಿಲ್ಲ. ಒಂದು ಕಡೆ ಗುಂಪು, ಇನ್ನೊಂದು ಕಡೆ ಬೋಳು. ನಿಜವಾದ ಆಕಸ್ಮಿಕ ಇರುವುದೇ ಹಾಗೆ. ಕಣ್ಣಿಗೆ ಆರಾಮವಾಗಿ ಹರಡಿದಂತೆ ಕಾಣಬೇಕಾದರೆ ಇನ್ನೊಂದು ನಿಯಮ ಸೇರಿಸಬೇಕು. ಹೊಸ ಚುಕ್ಕಿ ಯಾವುದೇ ಹಳೆಯ ಚುಕ್ಕಿಗೆ ಇಷ್ಟಕ್ಕಿಂತ ಹತ್ತಿರ ಬಿದ್ದರೆ ಅದನ್ನು ಬಿಟ್ಟು ಬೇರೆ ಜಾಗ ಹುಡುಕು. ಇದಕ್ಕೆ ಪಾಯ್ಸಾನ್ ಡಿಸ್ಕ್ ಸ್ಯಾಂಪ್ಲಿಂಗ್ ಎಂಬ ದೊಡ್ಡ ಹೆಸರಿದೆ. ಕೆಲಸ ಇಷ್ಟೇ.

ಎರಡನೆಯದು ಗಾಸಿಯನ್. ಇಲ್ಲಿ ಸಂಖ್ಯೆಗಳು ನಡುವಿನ ಸುತ್ತ ಜಾಸ್ತಿ ಬೀಳುತ್ತವೆ, ದೂರ ಹೋದಂತೆ ವಿರಳವಾಗುತ್ತವೆ. ಹರವಿನ ಅಳತೆ 20 ಎಂದು ಕೊಟ್ಟರೆ ಸುಮಾರು ಶೇಕಡಾ 68ರಷ್ಟು ಚುಕ್ಕಿಗಳು ನಡುವಿನಿಂದ ಎರಡೂ ಕಡೆ 20ರ ಒಳಗೇ ಇರುತ್ತವೆ. ಗೆರೆಯೊಂದರ ಉದ್ದಕ್ಕೂ ಹೀಗೆ ಸಾವಿರಾರು ತೆಳು ಚುಕ್ಕಿ ಎರಚಿದರೆ ಇದ್ದಿಲಿನಿಂದ ಎಳೆದಂಥ ಗೆರೆ ಬರುತ್ತದೆ. ಅಂಚು ಮಾಸಿದಂತೆ ಕಾಣಬೇಕಾದ ಕಡೆಯೆಲ್ಲ ಇದು ಕೈ ಹಿಡಿಯುತ್ತದೆ.

ಮೂರನೆಯದು ನಾಯ್ಸ್. ಇದರ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು, ಏಕೆಂದರೆ ಕೋಡಿನ ಚಿತ್ರಗಳಲ್ಲಿ ಕಾಣುವ ಹೊಗೆ, ಅಲೆ, ಕೂದಲು, ಮರದ ಎಳೆ ಇಂಥವುಗಳಲ್ಲಿ ಹೆಚ್ಚಿನವು ಇದರ ಮಕ್ಕಳು. ಕೆನ್ ಪರ್ಲಿನ್ 1982ರ 'ಟ್ರಾನ್' ಸಿನಿಮಾದ ಗ್ರಾಫಿಕ್ಸ್ ಮಾಡಿದ ಕಂಪನಿಗಳಲ್ಲೊಂದರಲ್ಲಿ ಇದ್ದವರು. ಆಗಿನ ಕಂಪ್ಯೂಟರ್ ಚಿತ್ರಗಳ ಯಂತ್ರದಂಥ ನುಣುಪು ಅವರಿಗೆ ಸಮಾಧಾನ ಕೊಡಲಿಲ್ಲ. 1983ರಲ್ಲಿ ಒಂದು ಹೊಸ ವಿಧಾನ ಕಂಡುಕೊಂಡು 1985ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. ಅದಕ್ಕಾಗಿ 1997ರಲ್ಲಿ ಅವರಿಗೆ ಆಸ್ಕರ್ ಕೊಡುವ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂತು.

ರ‍್ಯಾಂಡಮ್ ಎಂಬುದಕ್ಕೆ ನೆನಪಿಲ್ಲ. ಈಗ 3 ಕೊಟ್ಟಿದ್ದರೆ ಮುಂದಿನದು 97 ಆಗಬಹುದು. ನಾಯ್ಸ್ ಹಾಗಲ್ಲ. ಅದನ್ನು ಏರಿಳಿತದ ಗುಡ್ಡಗಾಡು ಎಂದುಕೊಳ್ಳಿ. ಎಲ್ಲಿ ನಿಂತಿದ್ದೀರಿ ಎಂದು ಹೇಳಿದರೆ ಅಲ್ಲಿನ ಎತ್ತರ ಎಷ್ಟು ಎಂದು ಅದು ಹೇಳುತ್ತದೆ. ಒಂದು ಹೆಜ್ಜೆ ಪಕ್ಕಕ್ಕೆ ಹೋದರೆ ಎತ್ತರ ಸ್ವಲ್ಪವೇ ಬದಲಾಗುತ್ತದೆ. ಬಹಳ ದೂರ ಹೋದರೆ ಏನು ಬೇಕಾದರೂ ಇರಬಹುದು. ಒಳಗಿನ ಲೆಕ್ಕ ಹೀಗೆ: ಜಾಲರಿಯೊಂದರ ಪ್ರತಿ ಮೂಲೆಗೂ ಯಾವುದೋ ಒಂದು ದಿಕ್ಕಿನ ಇಳಿಜಾರನ್ನು ಕೊಟ್ಟಿರುತ್ತಾರೆ. ನಡುವಿನ ಜಾಗಗಳಲ್ಲಿ ಸುತ್ತಲಿನ ಮೂಲೆಗಳ ಇಳಿಜಾರುಗಳನ್ನು ನಯವಾಗಿ ಬೆರೆಸುತ್ತಾರೆ.

ಇಲ್ಲಿ ಮುಖ್ಯವಾದ ತಿರುಪು ಎಂದರೆ ಹೆಜ್ಜೆಯ ಗಾತ್ರ. ಪಿಕ್ಸೆಲಿನಿಂದ ಪಿಕ್ಸೆಲಿಗೆ ನಾಯ್ಸ್‌ನಲ್ಲಿ 1ರಷ್ಟು ಮುಂದೆ ಹೋದರೆ ಗುಡ್ಡದಿಂದ ಗುಡ್ಡಕ್ಕೆ ಜಿಗಿದಂತೆ. ನಯವೆಲ್ಲ ಮಾಯವಾಗಿ ರ‍್ಯಾಂಡಮ್ ತರಹವೇ ಕಾಣುತ್ತದೆ. ಸಾಮಾನ್ಯವಾಗಿ 0.005ರಿಂದ 0.03ರ ನಡುವಿನ ಹೆಜ್ಜೆ ಚೆನ್ನಾಗಿ ಒಪ್ಪುತ್ತದೆ. ನಾಯ್ಸ್ ಹಾಕಿದೆ, ಏನೂ ಚೆನ್ನಾಗಿ ಬರಲಿಲ್ಲ ಎನ್ನುವವರ ಕೋಡ್ ನೋಡಿದರೆ ಎಷ್ಟೋ ಸಲ ತೊಂದರೆ ಈ ಒಂದು ಸಂಖ್ಯೆಯಲ್ಲೇ ಇರುತ್ತದೆ.

ನಾಯ್ಸ್ ಕೊಟ್ಟ ಎತ್ತರವನ್ನು ಎತ್ತರವಾಗಿಯೇ ಬಳಸಬೇಕೆಂದಿಲ್ಲ. ಅದನ್ನು ಕೋನವಾಗಿ ಓದಿಕೊಳ್ಳಿ. ಆಗ ಕ್ಯಾನ್ವಾಸಿನ ಪ್ರತಿ ಬಿಂದುವಿನಲ್ಲೂ ಒಂದು ಕಾಣದ ಬಾಣ ನಿಂತಿರುತ್ತದೆ. ಅಕ್ಕಪಕ್ಕದ ಬಾಣಗಳು ಹೆಚ್ಚು ಕಡಿಮೆ ಒಂದೇ ಕಡೆ ತೋರಿಸುತ್ತವೆ. ಇದೇ ಫ್ಲೋ ಫೀಲ್ಡ್. ಈಗ ಎಲ್ಲೋ ಒಂದು ಚುಕ್ಕಿ ಇಡಿ. ಅಲ್ಲಿನ ಬಾಣ ತೋರಿಸಿದ ಕಡೆಗೆ 2 ಪಿಕ್ಸೆಲ್ ಸರಿಸಿ. ಹೊಸ ಜಾಗದ ಬಾಣ ನೋಡಿ ಮತ್ತೆ 2 ಪಿಕ್ಸೆಲ್. ಹೀಗೆ ನೂರಾರು ಸಲ. ಹೋದ ದಾರಿಯನ್ನು ಬಹಳ ತೆಳುವಾದ, ಅರೆಪಾರದರ್ಶಕ ಬಣ್ಣದಲ್ಲಿ ಎಳೆಯಿರಿ. ಒಂದು ಚುಕ್ಕಿಯಿಂದ ಒಂದು ಬಾಗಿದ ಗೆರೆ ಬರುತ್ತದೆ. ಎರಡು ಸಾವಿರ ಚುಕ್ಕಿ ಇಟ್ಟರೆ ಗೆರೆಗಳು ಕೆಲವು ಕಡೆ ಒತ್ತಾಗಿ ಸೇರಿ ಕಪ್ಪಾಗುತ್ತವೆ, ಕೆಲವು ಕಡೆ ಬಿಡಿಬಿಡಿಯಾಗಿ ಹಗುರಾಗುತ್ತವೆ. ನೆರಳು ಬೆಳಕನ್ನು ಯಾರೂ ಹಾಕಲಿಲ್ಲ, ಗೆರೆಗಳ ಗುಂಪೇ ಅದನ್ನು ಮಾಡಿತು.

ಫ್ಲೋ ಫೀಲ್ಡ್ ಈಗ ಎಷ್ಟು ಸಾಮಾನ್ಯವಾಗಿದೆ ಎಂದರೆ, ಹಾಗೇ ಬಳಸಿದ ಚಿತ್ರ ಕಂಡರೆ ನನಗೆ ಆಕಳಿಕೆ ಬರುತ್ತದೆ. ಆದರೆ ಸಣ್ಣ ಬದಲಾವಣೆಗೂ ಅದು ಜೋರಾಗಿ ಸ್ಪಂದಿಸುತ್ತದೆ. ಕೋನವನ್ನು ಹತ್ತಿರದ 30 ಡಿಗ್ರಿಗೆ ಸರಿಹೊಂದಿಸಿದರೆ ಬಾಗು ಮಾಯವಾಗಿ ಕಲ್ಲು ಕಡಿದಂಥ ಮೊನಚು ಗೆರೆಗಳು ಬರುತ್ತವೆ. ಇನ್ನೊಂದು ವಿಷಯ. ನಾಯ್ಸ್ ಕೊಡುವ ಸಂಖ್ಯೆಗಳು 0ಯಿಂದ 1ರವರೆಗೆ ಸಮನಾಗಿ ಹಂಚಿಕೊಂಡಿರುವುದಿಲ್ಲ, 0.5ರ ಸುತ್ತ ಮುತ್ತಿಕೊಂಡಿರುತ್ತವೆ. ಅದನ್ನು ಸುಮ್ನೆ 360ರಿಂದ ಗುಣಿಸಿದರೆ ಹೆಚ್ಚಿನ ಬಾಣಗಳು 180 ಡಿಗ್ರಿಯ ಹತ್ತಿರ ಬಂದು ಇಡೀ ಚಿತ್ರ ಎಡಕ್ಕೇ ಹರಿಯುತ್ತದೆ. 720ರಿಂದಲೋ ಇನ್ನೂ ಹೆಚ್ಚಿನದರಿಂದಲೋ ಗುಣಿಸಿದರೆ ಸುಳಿಗಳು ಬರುತ್ತವೆ.

ಆಕಸ್ಮಿಕ ಇಲ್ಲದೆಯೂ ಅಚ್ಚರಿ ಹುಟ್ಟುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇನೆ. 1979ರಲ್ಲಿ ಹೆಲ್ಮುಟ್ ಫೋಗೆಲ್ ಸೂರ್ಯಕಾಂತಿಯ ಬೀಜಗಳ ಜೋಡಣೆಗೆ ಒಂದು ಸರಳ ಸೂತ್ರ ಕೊಟ್ಟರು. ಪ್ರತಿ ಹೊಸ ಬೀಜವನ್ನು ಹಿಂದಿನದಕ್ಕಿಂತ 137.5 ಡಿಗ್ರಿ ತಿರುಗಿಸಿ ಇಡು. ನಡುವಿನಿಂದ ಅದರ ದೂರ, ಬೀಜದ ಕ್ರಮಸಂಖ್ಯೆಯ ವರ್ಗಮೂಲಕ್ಕೆ ತಕ್ಕಂತಿರಲಿ. ಅಷ್ಟೇ. ಎರಡೂ ಕಡೆಗೆ ಸುತ್ತುವ ಸುರುಳಿಗಳು ಹೆಣೆದುಕೊಂಡ ಹೂವು ಬರುತ್ತದೆ. ಅದೇ ಕೋನವನ್ನು 137 ಮಾಡಿ. ಅರ್ಧ ಡಿಗ್ರಿ ಮಾತ್ರ ಕಡಿಮೆ. ಹೊರಭಾಗದ ಹೆಣಿಗೆ ಒಡೆದು ಬರೀ ಒಂದೇ ಕಡೆ ಬಾಗಿದ ತೋಳುಗಳು ಉಳಿಯುತ್ತವೆ. 120 ಮಾಡಿದರೆ ಮೂರು ನೇರ ಗೆರೆ, 90 ಮಾಡಿದರೆ ನಾಲ್ಕು. ಒಂದು ಸ್ಲೈಡರ್‌ಗೆ ಈ ಕೋನವನ್ನು ಕಟ್ಟಿ ಮೆಲ್ಲಗೆ ಎಳೆಯುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.

ಬಣ್ಣದ ಬಗ್ಗೆ ನನ್ನ ಸಲಹೆ ಚಿಕ್ಕದು. ಬಣ್ಣವನ್ನು ಆಕಸ್ಮಿಕಕ್ಕೆ ಪೂರ್ತಿ ಬಿಡಬೇಡಿ. ಕೆಂಪು, ಹಸಿರು, ನೀಲಿಯ ಪ್ರಮಾಣಗಳನ್ನು ರ‍್ಯಾಂಡಮ್ ಆಗಿ ಆರಿಸಿದರೆ ಒಂದಕ್ಕೊಂದು ಸಂಬಂಧವಿಲ್ಲದ, ಮಂಕಾದ ಬಣ್ಣಗಳು ಒಟ್ಟಿಗೆ ಬಂದು ಚಿತ್ರ ಕೆಡುತ್ತದೆ. ಮೊದಲೇ ನಾಲ್ಕೈದು ಬಣ್ಣ ಆರಿಸಿಟ್ಟುಕೊಂಡು, ಯಾವುದಕ್ಕೆ ಎಷ್ಟು ಪಾಲು ಎಂದು ಗೊತ್ತು ಮಾಡಿ, ಯಾವುದು ಎಲ್ಲಿ ಬರಬೇಕು ಎಂಬುದನ್ನು ಮಾತ್ರ ಆಕಸ್ಮಿಕಕ್ಕೆ ಬಿಡಿ. ಒಂದು ಬಣ್ಣಕ್ಕೆ ಶೇಕಡಾ 60, ಇನ್ನೊಂದಕ್ಕೆ 25, ಕಣ್ಣಿಗೆ ಹೊಡೆಯುವ ಬಣ್ಣಕ್ಕೆ ಬರೀ 2. ಆ ಎರಡು ಶೇಕಡಾದ ಬಣ್ಣವೇ ನೋಡುವವರ ಗಮನವನ್ನೆಲ್ಲ ಎಳೆದುಕೊಳ್ಳುತ್ತದೆ. ಬಣ್ಣವನ್ನು ಕೋಡಿನಲ್ಲಿ ನಿಧಾನವಾಗಿ ಬದಲಿಸಬೇಕಿದ್ದರೆ ಎಚ್‌ಎಸ್‌ಬಿ ಪದ್ಧತಿ ಸುಲಭ. ಅದರಲ್ಲಿ ಬಣ್ಣದ ಛಾಯೆ 0ಯಿಂದ 360ರವರೆಗಿನ ಒಂದೇ ಸಂಖ್ಯೆ. ಗಾಢತೆ ಮತ್ತು ಹೊಳಪಿಗೆ ಬೇರೆ ಬೇರೆ ಸಂಖ್ಯೆಗಳಿವೆ.

ಸಾಧನಗಳ ಬಗ್ಗೆ ಬಹಳ ಹೇಳಬೇಕಾಗಿಲ್ಲ. 2001ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್‌ನಲ್ಲಿ ಕೇಸಿ ರೀಸ್ ಮತ್ತು ಬೆನ್ ಫ್ರೈ ಶುರು ಮಾಡಿದ ಪ್ರೊಸೆಸಿಂಗ್, ಚಿತ್ರ ಮಾಡುವವರಿಗಾಗಿಯೇ ಇರುವ ಕೋಡಿಂಗ್ ಪರಿಸರ. ಅದರ ವಿಚಾರವನ್ನೇ ಬ್ರೌಸರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಭಾಷೆಗೆ ತಂದದ್ದು ಪಿ5.ಜೆಎಸ್. ಲಾರೆನ್ ಲೀ ಮೆಕಾರ್ಥಿ 2013ರಲ್ಲಿ ಅದನ್ನು ಶುರು ಮಾಡಿದರು. ಎರಡೂ ಉಚಿತ. ಪಿ5ಗೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ಬ್ರೌಸರ್‌ನಲ್ಲೇ ಬರೆದು ಅಲ್ಲೇ ನೋಡಬಹುದು. ಹೊಸಬರು ಅಲ್ಲಿಂದಲೇ ಶುರು ಮಾಡಿದರೆ ಒಳ್ಳೆಯದು. ಮೇಲೆ ಹೇಳಿದ ರ‍್ಯಾಂಡಮ್, ಗಾಸಿಯನ್, ನಾಯ್ಸ್ ಮೂರೂ ಅದರಲ್ಲಿ ಸಿದ್ಧವಾಗಿವೆ.

ಅಲ್ಲಿ ಪ್ರತಿ ಪ್ರೋಗ್ರಾಮಿಗೂ ಎರಡು ಭಾಗ. ಸೆಟಪ್ ಎಂಬುದು ಒಮ್ಮೆ ಮಾತ್ರ ಓಡುತ್ತದೆ. ಡ್ರಾ ಎಂಬುದು ಸೆಕೆಂಡಿಗೆ ಸುಮಾರು 60 ಸಲ ಓಡುತ್ತಲೇ ಇರುತ್ತದೆ. ನಮ್ಮ ಚೌಕಗಳ ಕೋಡನ್ನು ಡ್ರಾ ಒಳಗೆ ಇಟ್ಟರೆ ಚಿತ್ರ ಹುಚ್ಚು ಹಿಡಿದಂತೆ ನಡುಗುತ್ತದೆ, ಏಕೆಂದರೆ ಪ್ರತಿ ಸಲವೂ ಹೊಸ ಕೋನಗಳು ಬರುತ್ತಿವೆ. ಇದನ್ನು ನಿಲ್ಲಿಸಲು ಡ್ರಾ ಒಮ್ಮೆ ಮಾತ್ರ ಓಡಲಿ ಎಂದು ಹೇಳಬಹುದು. ಇನ್ನೊಂದು ದಾರಿ, ಪ್ರತಿ ಸಲ ಶುರುವಿನಲ್ಲಿ ಒಂದೇ ಸೀಡ್, ಅಂದರೆ ಆಕಸ್ಮಿಕ ಶುರುವಾಗುವ ಸಂಖ್ಯೆ, ಕೊಡುವುದು.

ಕಂಪ್ಯೂಟರ್ ನಿಜವಾಗಿ ನಾಣ್ಯ ಚಿಮ್ಮುವುದಿಲ್ಲ. ಒಂದು ಸಂಖ್ಯೆಯಿಂದ ಶುರು ಮಾಡಿ, ಅದನ್ನು ಗುಣಿಸಿ, ಕೂಡಿ, ಕತ್ತರಿಸಿ ಮುಂದಿನ ಸಂಖ್ಯೆ ತೆಗೆಯುತ್ತದೆ. ಅದರಿಂದ ಮತ್ತೊಂದು. ನೋಡಲು ಆಕಸ್ಮಿಕ, ಒಳಗೆ ಪಕ್ಕಾ ಲೆಕ್ಕ. ಆ ಮೊದಲ ಸಂಖ್ಯೆಯೇ ಸೀಡ್. ಅದೇ ಕೋಡ್, ಅದೇ ಸೀಡ್ ಇದ್ದರೆ ಅದೇ ಚಿತ್ರ ಮತ್ತೆ ಬರುತ್ತದೆ. ಹಾಗಾಗಿ ಚಿತ್ರ ಸೇವ್ ಮಾಡುವಾಗ ಸೀಡನ್ನು ಫೈಲಿನ ಹೆಸರಿಗೇ ಸೇರಿಸಿಬಿಡುವುದು ಒಳ್ಳೆಯದು. ಕೋಡಿನ ಆ ಹೊತ್ತಿನ ಪ್ರತಿಯನ್ನೂ ಇಟ್ಟುಕೊಳ್ಳಬೇಕು. ನಡುವೆ ಎಲ್ಲೋ ಒಂದು ರ‍್ಯಾಂಡಮ್ ಹೆಚ್ಚಿಗೆ ಸೇರಿಸಿದರೆ ಅಲ್ಲಿಂದ ಮುಂದಿನ ಎಲ್ಲ ಸಂಖ್ಯೆಗಳೂ ಒಂದೊಂದು ಸ್ಥಾನ ಸರಿಯುತ್ತವೆ, ಹಳೆಯ ಸೀಡ್ ಕೊಟ್ಟರೂ ಬೇರೆಯೇ ಚಿತ್ರ ಬರುತ್ತದೆ.

ಇದರಲ್ಲಿ ಕಲಾವಿದನ ಪಾಲು ಏನು ಎಂಬ ಪ್ರಶ್ನೆ ಮೊದಲಿನಿಂದಲೂ ಇದೆ. 1966ರಲ್ಲಿ ಮೈಕೆಲ್ ನೋಲ್ ಒಂದು ಪ್ರಯೋಗ ಪ್ರಕಟಿಸಿದರು. ಡಚ್ ಚಿತ್ರಕಾರ ಮೊಂದ್ರಿಯಾನ್ ಅವರ 1917ರ ಒಂದು ಗೆರೆಗಳ ಚಿತ್ರದ ಪ್ರತಿಯನ್ನೂ, ಅದನ್ನು ಹೋಲುವಂತೆ ಕಂಪ್ಯೂಟರ್ ಮಾಡಿದ ಚಿತ್ರವನ್ನೂ 100 ಜನರಿಗೆ ತೋರಿಸಿದರು. ಕಂಪ್ಯೂಟರ್‌ನದು ಯಾವುದು ಎಂದು ಸರಿಯಾಗಿ ಹೇಳಿದವರು 28 ಜನ ಮಾತ್ರ. 59 ಜನರಿಗೆ ಕಂಪ್ಯೂಟರ್‌ನದೇ ಜಾಸ್ತಿ ಇಷ್ಟವಾಯಿತು. ಯಂತ್ರ ಗೆದ್ದಿತು ಎಂದು ಇದನ್ನು ಓದುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಗೆರೆಗಳು ಎಲ್ಲಿ ದಟ್ಟವಾಗಬೇಕು, ಎಲ್ಲಿ ಮೊಟಕಾಗಬೇಕು ಎಂಬ ನಿಯಮಗಳನ್ನು ಆ ಚಿತ್ರ ನೋಡಿ ನೋಡಿ ಬರೆದದ್ದು ನೋಲ್. ಕೋಡಿನಲ್ಲಿ ಇರುವುದು ಅವರ ಕಣ್ಣು.

ಕಲಾವಿದ ಮಾಡುವ ಇನ್ನೊಂದು ಕೆಲಸ ಆಯ್ಕೆ. ಸೀಡ್ ಬದಲಿಸುತ್ತಾ ಐನೂರು ಚಿತ್ರ ತೆಗೆದು ಹತ್ತನ್ನು ಇಟ್ಟುಕೊಂಡು ಉಳಿದದ್ದನ್ನು ಬಿಸಾಡಬಹುದು. ಬಹುಕಾಲ ನಡೆದದ್ದು ಹೀಗೇ. 2021ರಲ್ಲಿ ಟೈಲರ್ ಹಾಬ್ಸ್ ಅವರ 'ಫಿಡೆಂಝಾ' ಬಂದಾಗ ಆ ಅನುಕೂಲ ಇರಲಿಲ್ಲ. ಫ್ಲೋ ಫೀಲ್ಡಿನ ಮೇಲೆ ಕಟ್ಟಿದ ಆ ಪ್ರೋಗ್ರಾಮನ್ನು ಡಿಜಿಟಲ್ ಕಲೆ ಮಾರುವ ಆರ್ಟ್ ಬ್ಲಾಕ್ಸ್ ಎಂಬ ವೇದಿಕೆಗೆ ಕೊಟ್ಟರು. ಅಲ್ಲಿ ಯಾರಾದರೂ ಕೊಂಡ ಕ್ಷಣದಲ್ಲಿ, ಆ ವಹಿವಾಟಿನಿಂದಲೇ ಸೀಡ್ ಹುಟ್ಟಿ, ಚಿತ್ರ ತಯಾರಾಗುತ್ತಿತ್ತು. ಒಟ್ಟು 999 ಚಿತ್ರ. ಕೊಳ್ಳುವವರಿಗೂ ಏನು ಬರುತ್ತದೆ ಗೊತ್ತಿರಲಿಲ್ಲ, ಕಲಾವಿದನಿಗೂ ಗೊತ್ತಿರಲಿಲ್ಲ. ಬಂದದ್ದನ್ನು ವಾಪಸ್ ತೆಗೆದುಕೊಳ್ಳುವಂತಿರಲಿಲ್ಲ.

ಹಾಗಿರುವಾಗ ಒಂದು ಚಿತ್ರವನ್ನು ತಿದ್ದಿ ಪ್ರಯೋಜನವಿಲ್ಲ, ವಂಶವನ್ನೇ ತಿದ್ದಬೇಕು. ಎಲ್ಲವೂ ಚೆನ್ನಾಗಿರಬೇಕು, ಆದರೆ ಎಲ್ಲವೂ ಒಂದೇ ತರಹ ಇರಬಾರದು. ನಿಯಮ ಬಿಗಿ ಮಾಡಿದರೆ 999 ಅವಳಿಗಳು ಹುಟ್ಟುತ್ತವೆ, ಸಡಿಲ ಬಿಟ್ಟರೆ ನೂರಾರು ಕಸ. ಇದಕ್ಕೆ ಇರುವ ದಾರಿ ಬಹಳ ಬೇಸರದ್ದು. ನೂರಾರು ಸೀಡ್‌ಗಳ ಚಿತ್ರಗಳನ್ನು ಸಣ್ಣದಾಗಿ ಒಂದೇ ಹಾಳೆಯಲ್ಲಿ ಜೋಡಿಸಿ ನೋಡುತ್ತಾ ಕೂರುವುದು. ಚೆನ್ನಾಗಿ ಬಂದದ್ದರ ಮೇಲೆ ಕಣ್ಣು ನಿಲ್ಲಿಸಬಾರದು, ಅದು ತನ್ನಷ್ಟಕ್ಕೆ ಇರಲಿ. ಕೆಟ್ಟದ್ದನ್ನು ಹುಡುಕಿ ಅದರ ಸೀಡ್ ಬರೆದುಕೊಳ್ಳಬೇಕು. ಆ ಒಂದನ್ನೇ ಮತ್ತೆ ಓಡಿಸಿ, ಯಾವ ಸಂಖ್ಯೆ ಎಲ್ಲಿ ಮಿತಿ ಮೀರಿತು ಎಂದು ಪತ್ತೆ ಹಚ್ಚಬೇಕು. ಬಹಳ ಸಲ ಸಿಗುವುದು ಹೀಗಿರುತ್ತದೆ: ಗೆರೆಯ ದಪ್ಪ 1ರಿಂದ 40ರವರೆಗೆ ಎಂದು ಬಿಟ್ಟಿರುತ್ತೇವೆ, ಗೆರೆಗಳ ಸಂಖ್ಯೆ 10ರಿಂದ 5000ದವರೆಗೆ ಎಂದು ಬಿಟ್ಟಿರುತ್ತೇವೆ. ಒಂದೊಂದಾಗಿ ನೋಡಿದರೆ ಎರಡೂ ಸರಿ. ಎರಡೂ ಒಟ್ಟಿಗೆ ತುದಿಗೆ ಹೋದ ಸೀಡಿನಲ್ಲಿ ಕ್ಯಾನ್ವಾಸ್ ಪೂರ್ತಿ ಕಪ್ಪು. ಆಗ ದಪ್ಪ ಹೆಚ್ಚಿದರೆ ಸಂಖ್ಯೆ ಇಳಿಯಬೇಕು ಎಂದು ಇನ್ನೊಂದು ಸಾಲು ಬರೆದು, ಮತ್ತೆ ನೂರಾರು ಚಿತ್ರ ತೆಗೆದು, ಮತ್ತೆ ಕೆಟ್ಟದ್ದನ್ನು ಹುಡುಕಲು ಕೂರುವುದು.